ಮೂರನೇ ಎಂಜಿನ್ನಿನ ಮುಚ್ಚಳ

ವೇದವತಿ ಕಾಲಡಿಯ ಪೆಡಲ್ಲನ್ನು ಹಿಮ್ಮಡಿಯಿಂದ ಒತ್ತಿದಳು. ಟೇಪು ನಾಲ್ಕು ಮಾತಿನಷ್ಟು ಹಿಂದಕ್ಕೆ ಹೋಯಿತು. ತುದಿಗಾಲಿನಿಂದ ಒತ್ತಿದಳು. ಹೆಡ್‌ಫೋನಿನೊಳಗೆ ಮುದುಕ ವಾಲ್ಟರ್ ಕೆಮ್ಮಿದ, ಗಂಟಲು ಸರಿಮಾಡಿಕೊಂಡ, ಮುಂದುವರಿಸಿದ. ಅವನ ಮಾತಿನ ಬೆನ್ನಿಗೇ ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಓಡಿದವು.

ಮೇಜಿನ ಇನ್ನೊಂದು ತುದಿಯಲ್ಲಿ ಮರಿತಾಯಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದರು. ಮೇಲಿನ ಅಪಾರ್ಟ್‌ಮೆಂಟಿನ ಮಂಜುನಾಥನ ತಾಯಿ, ಮಂಡ್ಯದ ಕಡೆಯವರು. ಮಗ ಸೊಸೆ ಆಫೀಸಿಗೆ ಹೊರಟ ಮೇಲೆ ಆ ಮನೆಯಲ್ಲಿ ಅವರಿಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಕಾಫಿಯ ಹೊತ್ತಿಗೆ ಏನಾದರೊಂದು ಕೆಲಸ ಕೈಯಲ್ಲಿ ಹಿಡಿದು ಕೆಳಗಿಳಿದು ಬರುತ್ತಿದ್ದರು. ಅಮೆರಿಕದ ಫ್ರೀಮಾಂಟಿನ ಆ ಕಾಂಪ್ಲೆಕ್ಸಿನಲ್ಲಿ ಹಗಲು ಹೊತ್ತು ಬಾಗಿಲು ತೆರೆದಿರುತ್ತಿದ್ದದ್ದು ವೇದವತಿಯ ಮನೆಯದೊಂದೇ.

ಫೋನು ಬಡಿದುಕೊಂಡಿತು. ಮಂಜುನಾಥನೇ. ವೇದವತಿ ರಿಸೀವರನ್ನು ಅವನ ತಾಯಿಯ ಕೈಗೆ ಕೊಟ್ಟಳು.

"ಬಾಗ್ಲಿಗೆ ಬೀಗ ಹಾಕಿವ್ನಿ ಬುಡ್ಲಾ ಮಂಜ. ದಿನಾ ಅದೇ ಕೇಳ್ತೀಯಲ್ಲ, ನಾನೇನ್ ಎಳೇ ಮಗೀನಾ?" ಎಂದು ಬೈದು ಮರಿತಾಯಮ್ಮ ಫೋನು ಇಟ್ಟರು. ಮತ್ತೆ ಜರಡಿಗೆ ಕೈ ಹಾಕಿ ಮೂಗು ಮುರಿದರು. "ಇದ್ಯಾವ್ ಸೀಮೆ ರಾಗಿ ವೇದಮ್ನೋರೆ? ಮುಗ್ಗಲು ವಾಸ್ನೆ. ಇದ್ರಲ್ಲಿ ಮುದ್ದೆ ಕಟ್ಟುದ್ರೆ ನಿಮ್ ಯಜಮಾನ್ರು ಮುದ್ದೆಗೇ ಕೈ ಮುಗ್ದುಬುಡ್ತಾರೆ."

"ಪ್ಯಾಕೆಟ್ ಮೇಲೆ ಡೇಟ್ ನೋಡಿ, ಇನ್ನೂ ಟೈಮಿದೆ. ಏನೂ ಆಗಲ್ಲ."

"ಡೇಟ್ ಐತೆ. ನಂಗೆ ಮೂಗೂ ಐತಲ್ಲ."

"ಅಮ್ಮ, ಇವತ್ತೊಂದಿನ ಅದರಲ್ಲೇ ಮಾಡಿಬಿಡಿ. ಮತ್ತೆ ಅಂಗಡಿಗೆ ಹೋಗೋಕೆ ನಂಗೆ ಪುರುಸೊತ್ತಿಲ್ಲ."

ಮರಿತಾಯಮ್ಮ ಜರಡಿಯನ್ನು ಕೆಳಗಿಟ್ಟರು. ಒಂದು ಸಲ ಹಿಟ್ಟಿನ ಕಡೆ, ಒಂದು ಸಲ ವೇದವತಿಯ ಕಡೆ ನೋಡಿದರು.

"ಸರಿ, ಬುಡಿ," ಅಂದರು.

ವೇದವತಿ ಹೆಡ್‌ಫೋನು ಏರಿಸಿ ತುದಿಗಾಲು ಒತ್ತಿದಳು. ಅದೇ ಮಾತು ಅವಳ ಕಿವಿಯೊಳಗೆ ಇನ್ನೊಮ್ಮೆ ಕೇಳಿಸಿತು. ಈ ಸಲ ಅದನ್ನು ಹೇಳಿದವನು ವಾಲ್ಟರ್.

ಅವಳ ಬೆರಳು ನಿಂತಿತು.

ವಾಲ್ಟರನ ಯುದ್ಧದ ನೆನಪುಗಳನ್ನು ಟೈಪು ಮಾಡಿಕೊಡೆಂದು ಡೊರೊತಿ ಕೀನ್ ಕೊಟ್ಟಿದ್ದ ಟೇಪುಗಳಲ್ಲಿ ಅದು ಕೊನೆಯದು. ಸರಟೋಗಾದ ಗುಡ್ಡದ ಮನೆಯಲ್ಲಿ ಒಂಟಿಯಾಗಿದ್ದ ಆ ಮುದುಕಿಯ ಅಣ್ಣ ಟಾಮ್, ಯುದ್ಧದ ಕಾಲದಲ್ಲಿ ಬಂಗಾಳದಿಂದ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನವನ್ನು ಬರ್ಮಾದ ಕಡೆ ಹಾರಿಸಿಕೊಂಡು ಹೋದವನು ಹಿಂದಿರುಗಲಿಲ್ಲ. ಅವನ ಜೊತೆಗಿದ್ದ ಒಂಬತ್ತು ಹುಡುಗರೂ ಹಿಂದಿರುಗಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅದೇ ವಿಮಾನದ ಮೂರನೇ ಎಂಜಿನ್ನು ಬೆಂಗಳೂರಿನ ಹೊರಗಿನ ಒಂದು ರಿಪೇರಿ ಷೆಡ್ಡಿನಲ್ಲಿ ದುರಸ್ತಿಯಾಗಿತ್ತು. ದುರಸ್ತಿ ಮಾಡಿದವನು ಜೆರೋಮ್ ಎಂಬ ಸ್ಥಳೀಯ ಮೆಕ್ಯಾನಿಕ್. ಎಂಜಿನ್ನಿನ ಮುಚ್ಚಳ ಹಾಕುವಾಗ ಅವನು 'ಸಾರಿ, ಬಡ್ಡಿ' ಅಂದನೆಂದು ವಾಲ್ಟರ್ ಆಮೇಲೆ ಮಿಲಿಟರಿ ವಿಚಾರಣೆಯಲ್ಲಿ ಹೇಳಿದ್ದ. ಕ್ಷಮಿಸು ಗೆಳೆಯಾ, ಅಂತ.

ಗೊತ್ತಿದ್ದೇ ಕೆಡಿಸಿದವನಲ್ಲದೆ ಬೇರೆ ಯಾರು ಆ ಹೊತ್ತಿನಲ್ಲಿ ಕ್ಷಮೆ ಕೇಳುತ್ತಾರೆ? ಐವತ್ತಾರು ವರ್ಷ ಡೊರೊತಿ ಆ ಪ್ರಶ್ನೆಯ ಮೇಲೇ ಬದುಕಿದ್ದಳು. ಈಗ ಅಣ್ಣನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸುತ್ತಿದ್ದಳು. ಅದರ ಮೇಲೆ ಹತ್ತು ಹೆಸರು. ಕೆಳಗೆ, 'ಶತ್ರುವಿನ ಗುಂಡಿನಿಂದಲ್ಲ, ನಂಬಿದವನ ಕೈಯಿಂದ' ಎಂಬ ಸಾಲು. ಅದರ ಕೆಳಗೆ ಆ ಕೈಯ ಹೆಸರು. ಜೆರೋಮನ ಪೂರ್ತಿ ಹೆಸರು ಪತ್ತೆ ಮಾಡಿಕೊಡು, ನೀನು ಬೆಂಗಳೂರು ಕಂಡವಳು, ಎಂದು ಅವಳು ವೇದವತಿಯನ್ನು ಹಿಡಿದುಕೊಂಡಿದ್ದಳು. ಕಾಕ್ಸ್ ಟೌನು, ವೈಟ್‌ಫೀಲ್ಡು ಎಂದು ವೇದವತಿ ಫೋನು ಮಾಡಿ ವಿಚಾರಿಸಿದ್ದ ಆಂಗ್ಲೋ-ಇಂಡಿಯನ್ ಮನೆಗಳಿಗೆ ಲೆಕ್ಕವಿಲ್ಲ. ಯಾವ ಮನೆಯಲ್ಲೂ ಆ ಜೆರೋಮ್ ಇರಲಿಲ್ಲ.

ಹಿಮ್ಮಡಿ ಒತ್ತಿದಳು. ತುದಿಗಾಲು ಒತ್ತಿದಳು.

ಆ ಎರಡು ಮಾತು ಬಂದಾಗ ಮುದುಕನ ದನಿ ಬದಲಾಗುತ್ತಿತ್ತು. ಅದು ಅವನು ತನ್ನ ಬಾಯಲ್ಲಿ ಆಡುವ ಮಾತಲ್ಲ. ಇನ್ನೊಬ್ಬ ಆಡಿದ್ದನ್ನು ಕಿವಿಗೆ ಬಿದ್ದ ಹಾಗೇ ಒಪ್ಪಿಸುತ್ತಿದ್ದ. ಅಮೆರಿಕನ್ನರು ಎಳೆಯುವ ಹಾಗೆ 'ಸಾರಿ' ಅಲ್ಲ, ಗಿಡ್ಡವಾಗಿ 'ಸರಿ'. ತುಟಿ ಮುಂದೆ ಮಾಡಿ 'ಬುಡಿ'.

ಅವಳು ಎದ್ದು ಹೋಗಿ ಹೆಡ್‌ಫೋನನ್ನು ಮರಿತಾಯಮ್ಮನ ತಲೆಗೆ ಹಾಕಿದಳು. ಅವರು ಗಾಬರಿಯಿಂದ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು.

"ಇದ್ಯಾಕೆ ನಂಗೆ?"

"ಸ್ವಲ್ಪ ಕೇಳಿ ಅಮ್ಮ."

ಮರಿತಾಯಮ್ಮ ಕೇಳಿದರು. ಇಂಗ್ಲಿಷು ಓಡುವಷ್ಟು ಹೊತ್ತು ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಹುಬ್ಬು ಮೇಲೇರಿತು.

"ಯಾವೂರೋನು ಇವ್ನು? ಮಧ್ಯದಲ್ಲಿ ನಮ್ ಮಾತಾಡ್ತಾನಲ್ಲ."

"ಇವರು ಅಮೆರಿಕದವರೇ. ಬೇರೆ ಯಾರೋ ಹೇಳಿದ್ದನ್ನ ಹೇಳ್ತಿದಾರೆ."

"ಹೇಳ್ದೋನು ನಮ್ ಕಡೆಯೋನೇ ಬುಡಿ. ಪಾಪ, ಏನೋ ಬ್ಯಾಡ ಅಂದವ್ನೆ. ಯಾರೂ ಕೇಳಿಲ್ಲ."

ವೇದವತಿಗೆ ನಿಂತಲ್ಲೇ ನಾಚಿಕೆಯಾಯಿತು. ಆ ಮಾತನ್ನು ಅವಳು ಚಳಿಗಾಲದಿಂದ ಕೇಳುತ್ತ ಬಂದಿದ್ದಳು, ಇಂಗ್ಲಿಷಿನಲ್ಲೇ ಟೈಪು ಮಾಡುತ್ತ ಬಂದಿದ್ದಳು. ಅವಳ ಕನ್ನಡದಲ್ಲಿ ಅದು 'ಬಿಡಿ'. ಮೈಸೂರಿನ ಮನೆಯಲ್ಲಿ ಯಾವುದಾದರೂ ಮಗು ಬೀದಿಯಿಂದ 'ಬುಡಿ' ಕಲಿತು ಬಂದರೆ ಅಜ್ಜಿ ಅಲ್ಲೇ ನಿಲ್ಲಿಸಿ ತಿದ್ದುತ್ತಿದ್ದರು. ಹಾಗೆ ತಿದ್ದಿಸಿಕೊಂಡ ಕಿವಿ, ಕೆಲವು ಮಾತುಗಳನ್ನು ಕೇಳುವುದನ್ನೇ ಬಿಟ್ಟುಬಿಟ್ಟಿತ್ತು.

ಹೊರಡುವ ಮುಂಚೆ ಗಂಡನ ಆಫೀಸಿಗೆ ಫೋನು ಮಾಡಿದಳು.

"ರೀ, ಸ್ಯಾನ್ ಲಿಯಾಂಡ್ರೋವರೆಗೂ ಹೋಗ್ಬರ್ತೀನಿ. ಸಂಜೆ ಅಷ್ಟೊತ್ತಿಗೆ ಬರ್ತೀನಿ."

"ಮತ್ತೆ ಆ ಬಾಂಬರ್ ಮುದುಕನ ಮನೆಗಾ?" ಶೇಷಾದ್ರಿಯ ಹಿಂದೆ ಯಾರೋ ನಗುತ್ತಿದ್ದರು, ಯಾವುದೋ ಪ್ರಿಂಟರು ಕಿರುಗುಟ್ಟುತ್ತಿತ್ತು. "ವೇದಾ, ಶನಿವಾರ ನಮ್ ಸಿಇಓ ಮನೇಲಿ ಪಾರ್ಟಿ ಇಟ್ಕೊಂಡಿದಾನೆ. ಹರಿಪ್ರಿಯನ ಡ್ಯಾನ್ಸ್ ಪ್ರೋಗ್ರಾಮಿಗೆ ನೀನೊಬ್ಳೇ ಹೋಗ್ಬೇಕಾಗತ್ತೆ. ಐಪಿಓ ಮುಗಿಯೋವರ್ಗೂ ಹಿಂಗೇ."

"ಸರಿ ಬಿ—" ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಏನಂದೆ?"

"ಏನಿಲ್ಲ. ನಾನೇ ಹೋಗ್ತೀನಿ."

ರಿಸೀವರು ಇಟ್ಟ ಮೇಲೂ ಅರ್ಧಕ್ಕೆ ನಿಂತ ಆ ಮಾತು ಬಾಯಲ್ಲೇ ಇತ್ತು. ಕಾಲೇಜಿನ ಕೆಲಸ ಬಿಡು ಅಂದಾಗ ಅಂದಿದ್ದಳು. ಮೈಸೂರಿನ ಮನೆ ಮಾರೋಣ ಅಂದಾಗ ಅಂದಿದ್ದಳು. ನಲವತ್ತೈದು ದಾಟಿದ ಮೇಲೆ ಅಮೆರಿಕಕ್ಕೆ ಹೊರಡೋಣ ಅಂದಾಗಲೂ ಅಂದಿದ್ದಳು. ಯಾರೂ ಅದನ್ನು ಒಪ್ಪಿಗೆಯಲ್ಲ ಎಂದುಕೊಂಡಿರಲಿಲ್ಲ. ಆ ಮೆಕ್ಯಾನಿಕ್ ಯಾವ ದನಿಯಲ್ಲಿ ಅದನ್ನು ಅಂದಿರಬೇಕು ಎಂಬುದು ಅವಳಿಗೆ ಯಾರೂ ಹೇಳಿಕೊಡದೆ ಗೊತ್ತಾಯಿತು.

ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದಾಗ ಇನ್ನೊಂದು ಬಿಚ್ಚಿಕೊಂಡಿತು. ಡೊರೊತಿ, ವಾಲ್ಟರ್ ಇಬ್ಬರೂ ಅವಳನ್ನು ಕರೆಯುತ್ತಿದ್ದದ್ದು 'ವೆಡಾ' ಎಂದು. ಮೊದಮೊದಲು ತಿದ್ದಿದ್ದಳು, ಆಮೇಲೆ ಬಿಟ್ಟಿದ್ದಳು. ವೇದಾ ಎಂಬುದು ಇವರ ಬಾಯಲ್ಲಿ ವೆಡಾ ಆದರೆ, ಜೆರೋಮ್ ಆಗುವ ಮುಂಚೆ ಆ ಹೆಸರು ಏನಿದ್ದಿರಬೇಕು?

ಮೆಲ್ಲನೆ ಬಾಯಿಬಿಟ್ಟು ಹೇಳಿ ನೋಡಿಕೊಂಡಳು. ಜಯರಾಮ. ಬೇಗ ಹೇಳಿದಳು. ಜಯ್‌ರಾಮ್. ಜೈರಾಮ್. ಎದುರಿನ ಸೀಟಿನ ಹೆಂಗಸು, ಇವಳು ಪ್ರಾರ್ಥನೆ ಮಾಡುತ್ತಿದ್ದಾಳೆಂದುಕೊಂಡು ಬೇರೆ ಕಡೆ ನೋಡಿದಳು.

ವಾಲ್ಟರ್ ಹ್ಯಾನ್ಸನ್ ಗರಾಜಿನ ಬಾಗಿಲು ಮೇಲೆತ್ತಿ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಮೂಗಿಗೆ ಆಮ್ಲಜನಕದ ಸಣ್ಣ ಕೊಳವೆ. ಹಿಂದಿನ ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದು, ಆಯಾ ಸ್ಪ್ಯಾನರನ್ನು ಅದರ ಮೇಲೇ ನೇತುಹಾಕಿದ್ದ. ಯುದ್ಧದಲ್ಲಿ ಅವನು ಹಾರಿದವನಲ್ಲ. ಟಾಮ್‌ನ ವಿಮಾನವನ್ನು ನೆಲದ ಮೇಲೆ ನೋಡಿಕೊಳ್ಳುತ್ತಿದ್ದವನು.

"ವೆಡಾ. ಡೊರೊತಿ ಕಳಿಸಿದಳಾ?"

"ಇಲ್ಲ, ನಾನೇ ಬಂದೆ. ಒಂದು ಮಾತು ಕೇಳಬೇಕಿತ್ತು. ಇದು ಓಡುತ್ತಿದ್ದರೆ ಪರವಾಗಿಲ್ಲವಾ?" ಎಂದು ಕೈಚೀಲದಿಂದ ಸಣ್ಣ ಟೇಪ್ ರೆಕಾರ್ಡರು ತೆಗೆದು ಬೆಂಚಿನ ಮೇಲಿಟ್ಟಳು.

"ಓಡಲಿ. ನನ್ನ ಹತ್ತಿರ ಬಚ್ಚಿಡುವುದು ಏನಿದೆ, ಈ ಸಿಲಿಂಡರೊಂದು ಬಿಟ್ಟು?"

"ಜೆರೋಮ್ ಹೇಳಿದ ಆ ಮಾತು, ಅವನು ಹೇಳಿದ ಹಾಗೇ ಇನ್ನೊಂದು ಸಲ ಹೇಳ್ತೀರಾ?"

ಮುದುಕ ಹೇಳಿದ. ಅದೇ ಗಿಡ್ಡ 'ಸರಿ', ಅದೇ ಮುಂದೆ ಬಂದ ತುಟಿ.

"ಅದು ಇಂಗ್ಲಿಷಲ್ಲ ವಾಲ್ಟರ್," ಅಂದಳು ವೇದವತಿ. "ನಮ್ಮ ಭಾಷೆ. ಹಳ್ಳಿ ಕಡೆಯ ಕನ್ನಡ. ಅದು ಕ್ಷಮೆ ಕೇಳುವ ಮಾತಲ್ಲ. ಬೇಡ ಬೇಡ ಅಂತ ಹೇಳಿ, ಎದುರಿಗಿದ್ದವರು ಕೇಳದೇ ಹೋದಾಗ, ಕೊನೆಗೆ ಅನ್ನುವ ಮಾತು. ಆಯಿತು, ನೀವು ಹೇಳಿದ ಹಾಗೇ ಆಗಲಿ ಅಂತ."

ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು. ಆ ಯಂತ್ರದ ಸದ್ದು ಬೇಲಿಯ ತನಕ ಬಂದು ಹಿಂದಿರುಗಿ ಹೋಯಿತು. ವಾಲ್ಟರ್ ತನ್ನ ಅಂಗೈಯನ್ನೇ ನೋಡುತ್ತಿದ್ದ.

"ಅವನು ಯಾವುದಕ್ಕೆ ಬೇಡ ಅಂದಿದ್ದ?" ಎಂದು ವೇದವತಿ ಕೇಳಿದಳು.

ವಾಲ್ಟರ್ ರೆಕಾರ್ಡರಿನ ಕಡೆ ನೋಡಿದ. ಬೆನ್ನು ನೆಟ್ಟಗೆ ಮಾಡಿ ಕೂತ.

"ಮೂರನೇ ಎಂಜಿನ್ನು. ಬಲಗಡೆ ರೆಕ್ಕೆಯ ಒಳಗಿನದು. ಎಣ್ಣೆ ಸೋರುತ್ತಿತ್ತು. ಬಿಚ್ಚಿ ಕಟ್ಟಿದ್ದೆವು. ಜೆರೋಮ್ ಇನ್ನೊಮ್ಮೆ ಬಿಚ್ಚಬೇಕು ಅಂದ. ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟ. ನಾನು ಮುಚ್ಚು ಅಂದೆ. ನಾನೇ ಅಂದೆ ವೆಡಾ. ನಾನೇ ಮುಚ್ಚಿಸಿದೆ. ಹಾಗೆ ಟೈಪ್ ಮಾಡು."

ಇಡೀ ಚಳಿಗಾಲ ಜಾರಿಕೊಂಡಿದ್ದವನು ಹೀಗೆ ಒಂದೇ ಉಸಿರಿಗೆ ಒಪ್ಪಿಕೊಂಡದ್ದು ವೇದವತಿಗೆ ಸರಿಬೀಳಲಿಲ್ಲ. ಇಷ್ಟು ಗಟ್ಟಿಯಾದ ಗಂಟಿನ ತುದಿ ಇಷ್ಟು ಸುಲಭಕ್ಕೆ ಕೈಗೆ ಬರಬಾರದು. ಆದರೆ ಕೇಳುವುದಕ್ಕೆ ಅವಳಲ್ಲಿ ಏನೂ ಉಳಿದಿರಲಿಲ್ಲ.

ಮುದುಕ ತಾನಾಗಿ ಮುಂದುವರಿಸಿದ.

"ಒಳ್ಳೆಯ ಕೈ ಅವನದು. ನನಗೂ ನಿನ್ನ ಭಾಷೆ ಬರುತ್ತದೆ, ಗೊತ್ತಾ? ಎಂಜಿನ್ನಿಗೆ ಸರಪಳಿ ಕಟ್ಟಿ ಎತ್ತುವಾಗ ಅವನು ಮೇಲಿನಿಂದ ಕೂಗುತ್ತಿದ್ದ. 'ಹಿಡ್ಕೊ' ಅಂದರೆ ಹಿಡಿಯಬೇಕು. 'ಎಳಿಯೋ' ಅಂದರೆ ಎಳೆಯಬೇಕು. 'ಬುಡು' ಅಂದರೆ ಕೈ ಬಿಡಬೇಕು. ಒಂದು ಸಲ ಹಿಡ್ಕೊ ಅಂದಾಗ ಬಿಟ್ಟೆ. ಆವತ್ತು ಅವನು ಬೈದದ್ದನ್ನು ನಿನ್ನ ಮುಂದೆ ಹೇಳಬಾರದು."

"ಊಟಕ್ಕೆ ಹೇಗೆ ಕರೆಯುತ್ತಿದ್ದ?"

"'ಬಾರೋ ವಾಲ್ಟ್ರು.'" ಮುದುಕ ನಕ್ಕ. "ಎಲೆಯಲ್ಲಿ ಏನೋ ಕಟ್ಟಿಕೊಂಡು ಬರುತ್ತಿದ್ದ. ಖಾರ. ಕಣ್ಣಲ್ಲಿ ನೀರು."

ವೇದವತಿ ಮುಂದಕ್ಕೆ ಬಾಗಿದಳು.

"'ಬನ್ನಿ' ಅನ್ನುತ್ತಿದ್ದನಾ?"

"ಇಲ್ಲ. ಬಾರೋ."

"'ಹಿಡ್ಕೊಳ್ಳಿ'?"

"ಹಿಡ್ಕೊ. ಯಾಕೆ?"

"ನಿಮಗೆ ಯಾವತ್ತಾದರೂ 'ಬುಡಿ' ಅಂದಿದ್ದನಾ?"

"ಆ ಒಂದು ದಿನ ಅಂದ," ಎಂದ ವಾಲ್ಟರ್. ಅವಳ ಮುಖ ನೋಡಿ ನಗು ನಿಲ್ಲಿಸಿದ.

"ನಾವು ಗೆಳೆಯನಿಗೆ 'ಬುಡು' ಅಂತೀವಿ ವಾಲ್ಟರ್. 'ಬುಡಿ' ಅನ್ನುವುದು ದೊಡ್ಡವರಿಗೆ, ಅಧಿಕಾರದಲ್ಲಿರುವವರಿಗೆ. ನಮ್ಮ ಮೇಲಿನ ಮನೆಯ ಅಮ್ಮ ಮಗನಿಗೆ ಒಂದು ಹೇಳುತ್ತಾರೆ, ನನಗೆ ಇನ್ನೊಂದು ಹೇಳುತ್ತಾರೆ. ಇವತ್ತು ಬೆಳಿಗ್ಗೆ ಎರಡನ್ನೂ ಕೇಳಿಸಿಕೊಂಡೇ ಬಂದೆ."

"ಆವತ್ತು ನನ್ನ ಮೇಲೆ ಸಿಟ್ಟು ಬಂದಿತ್ತು ಅವನಿಗೆ."

"ಸಿಟ್ಟು ಬಂದಿದ್ದರೆ 'ಹೋಗೋ' ಅಂದಿರುತ್ತಿದ್ದ. ಆ ಮಾತು ಅವನು ನಿಮಗೆ ಹೇಳಲಿಲ್ಲ. ನೀವು ಪಕ್ಕದಲ್ಲಿದ್ದು ಕೇಳಿಸಿಕೊಂಡಿರಿ ಅಷ್ಟೆ. ಯಾರಿಗೆ ಹೇಳಿದ?"

ಹುಲ್ಲಿನ ಯಂತ್ರ ನಿಂತಿತ್ತು. ಕೊಳವೆಯಲ್ಲಿ ಗಾಳಿ ಹೋಗುವ ಸದ್ದು ಮಾತ್ರ.

"ಅದನ್ನು ನಿಲ್ಲಿಸು," ಅಂದ ವಾಲ್ಟರ್.

ಅವಳು ರೆಕಾರ್ಡರು ನಿಲ್ಲಿಸಿದಳು. ಅವನಿಗೆ ಕಾಣುವ ಹಾಗೆ ಟೇಪನ್ನೂ ಹೊರಗೆ ತೆಗೆದಿಟ್ಟಳು.

"ಟಾಮ್," ಅಂದ.

ಆಮೇಲೆ ಬಹಳ ಹೊತ್ತು ಅವನೊಬ್ಬನೇ ಮಾತಾಡಿದ.

ಆ ತಿಂಗಳು ಅವರ ದಳದಲ್ಲಿ ವಿಮಾನಗಳು ಒಂದಾದ ಮೇಲೊಂದು ಹೋಗುತ್ತಿದ್ದವು. ಒಂದು ವಿಮಾನ ಹೋದರೆ ಹತ್ತು ಮಂಚ ಖಾಲಿ. ರಾತ್ರಿ ಇದ್ದ ಸೊಳ್ಳೆ ಪರದೆ ಬೆಳಿಗ್ಗೆ ಮಡಚಿ ಇಟ್ಟಿರುತ್ತಿತ್ತು, ಯಾರೂ ಆ ಕಡೆ ನೋಡುತ್ತಿರಲಿಲ್ಲ. ಯಾವ ತಂಡದ ವಿಮಾನ ರಿಪೇರಿಗೆ ಕೂತಿರುತ್ತದೋ ಆ ತಂಡವನ್ನು ಒಡೆದು, ಒಬ್ಬೊಬ್ಬನನ್ನು ಬೇರೆ ತಂಡಗಳ ತೂತು ಮುಚ್ಚಲು ಕಳಿಸುತ್ತಿದ್ದರು. ಗುರುತಿಲ್ಲದವರ ಜೊತೆ ಹೋದ ಹುಡುಗರು ಗುರುತಿಲ್ಲದವರ ಜೊತೆಯೇ ಸಾಯುತ್ತಿದ್ದರು. ಟಾಮ್‌ಗೆ ಇಪ್ಪತ್ಮೂರು. ಒಂಬತ್ತು ಜನರನ್ನು ಕೋಳಿ ಮರಿಗಳ ಹಾಗೆ ಕಾಯುತ್ತಿದ್ದ. ಆವತ್ತು ಬೆಂಗಳೂರಿನಿಂದ ಹೊರಡದಿದ್ದರೆ ಅವರನ್ನು ಹಂಚಿಬಿಡುತ್ತೇವೆ ಎಂದು ಮೇಲಿನವರು ಹೇಳಿ ಕಳಿಸಿದ್ದರು.

"ಷೆಡ್ಡಿಗೆ ತಾನೇ ಬಂದ. ಜೆರೋಮ್ ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ. ಟಾಮ್ ಕೂಗಾಡಲಿಲ್ಲ. ನನ್ನ ಹುಡುಗರನ್ನು ಚದುರಿಸುತ್ತಾರೆ, ದಯವಿಟ್ಟು ಮುಚ್ಚು ಅಂದ. ಜೆರೋಮ್‌ಗೆ ಎಷ್ಟು ಅರ್ಥವಾಯಿತೋ. ಟಾಮ್‌ನ ಮುಖ ನೋಡಿದ. ಆ ಎರಡು ಮಾತು ಅಂದು ಕೈ ತೆಗೆದ."

"ಎಂಜಿನ್ನು ನಿಜವಾಗಿ ಕೆಟ್ಟಿತ್ತಾ?"

"ಗೊತ್ತಿಲ್ಲ ವೆಡಾ. ಬಂಗಾಳದವರೆಗೂ ಚೆನ್ನಾಗೇ ಓಡಿತು. ಆಮೇಲೆ ಬರ್ಮಾದ ಮೇಲೆ, ಜೊತೆಗೆ ಹೋದವರು ನೋಡಿದರಂತೆ. ಬಲಗಡೆಯ ಒಳಗಿನ ಫ್ಯಾನು ನಿಂತಿತ್ತು. ವಿಮಾನ ಹಿಂದೆ ಬಿತ್ತು, ಮೋಡದೊಳಗೆ ಹೋಯಿತು. ಗುಂಡು ತಗುಲಿಯೂ ನಿಂತಿರಬಹುದು. ಯಾರಿಗೂ ಗೊತ್ತಿಲ್ಲ, ಯಾವತ್ತೂ ಗೊತ್ತಾಗುವುದೂ ಇಲ್ಲ." ಅವನು ಉಸಿರಿಗಾಗಿ ನಿಂತ. "ವಿಮಾನಗಳು ಬರುವ ಹೊತ್ತಿಗೆ ನೆಲದವರೆಲ್ಲ ಓಡುದಾರಿಯ ಪಕ್ಕ ಹೋಗಿ ನಿಲ್ಲುತ್ತಿದ್ದೆವು. ಅವರವರದು ಇಳಿದ ಹಾಗೆ ಅವರವರು ಹೋಗುತ್ತಾರೆ. ಕೊನೆಗೆ ಉಳಿದವನನ್ನು ಯಾರೂ ಬಾ ಅಂತ ಕರೆಯುವುದಿಲ್ಲ. ಅದೊಂದು ರೂಢಿ. ನಾನು ಕತ್ತಲಾಗುವ ತನಕ ನಿಂತಿದ್ದೆ. ಎರಡು ದಿನವಾದ ಮೇಲೆ ಬೇರೆ ವಿಮಾನ ಕೊಟ್ಟರು."

"ವಿಚಾರಣೆಯಲ್ಲಿ ಯಾಕೆ ಹಾಗೆ ಹೇಳಿದಿರಿ?"

"ಆ ಮಾತನ್ನು ಯಾರಿಗೆ ಹೇಳಿದ ಅಂತ ಕೇಳಿದರು. ಟಾಮ್‌ಗೆ ಅಂದರೆ, ಅದಕ್ಕೆ ಮುಂಚೆ ಟಾಮ್ ಏನಂದ ಅಂತ ಕೇಳುತ್ತಾರೆ. ಅವನ ಅಮ್ಮನಿಗೆ ಕಾಗದ ಬರೆಯುತ್ತಾರೆ. ನನಗೆ ಹೇಳಿದ ಅಂದೆ. ಅವನು ಬೇಡ ಅಂದದ್ದನ್ನು ಬಿಟ್ಟೆ. ಅಷ್ಟೇ ಬದಲಾಯಿಸಿದ್ದು."

"ಸತ್ತವರನ್ನು ಉಳಿಸಿದಿರಿ. ಬದುಕಿದ್ದವನನ್ನು ಹಿಡಿದುಕೊಟ್ಟಿರಿ."

ವೇದವತಿಗೆ ತಾನು ಅಂದದ್ದು ಕೇಳಿಸಿದ್ದು ಅಂದ ಮೇಲೆ. ಮುದುಕ ಅದನ್ನು ತಡೆಯಲಿಲ್ಲ, ತಲೆಯಾಡಿಸಿದ.

"ಮಿಲಿಟರಿ ಪೊಲೀಸರು ಅವನನ್ನು ಕರೆದುಕೊಂಡು ಹೋದರು ಅಂತ ಕೇಳಿದೆ. ಆಮೇಲೆ ಏನೂ ಕೇಳಲಿಲ್ಲ. ಕೇಳಬೇಕಾಗಿತ್ತು. ಆದರೆ ಅವನು ಕ್ಷಮೆ ಕೇಳಿದ ಅಂದುಕೊಂಡಿದ್ದೆನಲ್ಲ ವೆಡಾ. ಏನೋ ಮಾಡಿದ್ದಕ್ಕೇ ಕೇಳಿರಬೇಕು ಅಂದುಕೊಂಡೆ. ಅದೊಂದನ್ನು ಹಿಡಿದುಕೊಂಡು ಇಷ್ಟು ವರ್ಷ ಮಲಗಿ ಎದ್ದೆ." ಅವನು ಅವಳ ಕಡೆ ನೋಡಲಿಲ್ಲ. "ಇವತ್ತು ನೀನು ಅದನ್ನೂ ತೆಗೆದುಕೊಂಡೆ."

ತಿಂಗಳುಗಟ್ಟಲೆ ಹುಡುಕಿದ್ದು ಸಿಕ್ಕಿತ್ತು. ಸಿಕ್ಕಾಗ ಬರುತ್ತದೆಂದು ಅವಳು ಕಾದಿದ್ದ ಹೆಮ್ಮೆ ಬರಲಿಲ್ಲ. ಎದ್ದು ಹೋಗಿ ಅವನ ಕೊಳವೆ ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿದ್ದನ್ನು ಬಿಡಿಸಿದಳು.

"ಅವನ ಹೆಸರು ಜಯರಾಮ ಇರಬೇಕು," ಅಂದಳು.

"ಜಯ್... ರಾಮ್." ಮುದುಕನ ನಾಲಿಗೆ ಅದನ್ನು ನಿಧಾನವಾಗಿ ತಿರುಗಿಸಿ ನೋಡಿತು. "ಹೌದು. ಮೊದಲನೇ ದಿನ ಎದೆ ಮುಟ್ಟಿಕೊಂಡು ಹಾಗೇ ಏನೋ ಅಂದ. ಜೆರೋಮ್ ಅಂತ ನಾನೇ ಶುರು ಮಾಡಿದ್ದು. ಕೂಗಿದಾಗಲೆಲ್ಲ ತಿರುಗಿ ನೋಡುತ್ತಿದ್ದ. ಒಂದು ದಿನವೂ ತಿದ್ದಲಿಲ್ಲ."

ಅವಳು ಚೀಲ ಎತ್ತಿಕೊಂಡಾಗ ವಾಲ್ಟರ್ ಬೆಂಚಿನ ಮೇಲಿದ್ದ ಟೇಪನ್ನು ಅವಳ ಕೈಗೆ ಕೊಟ್ಟ.

"ಇದರಲ್ಲಿ ನಾನು ಒಪ್ಪಿಕೊಂಡಷ್ಟನ್ನು ಮಾತ್ರ ಟೈಪ್ ಮಾಡು, ಮುಂದಿನದು ಅಳಿಸಿಬಿಡು. ನಾನು ಮುಚ್ಚಿಸಿದೆ ಅಂತ ಇದೆಯಲ್ಲ, ಅದು ಸಾಕು. ನಿನ್ನ ಜಯ್‌ರಾಮ್ ಕಲ್ಲಿನಿಂದ ಇಳಿಯುತ್ತಾನೆ. ಡೊರೊತಿಗೆ ಅಣ್ಣ ಹಾಗೇ ಇರುತ್ತಾನೆ."

"ನೀವು?"

"ನನಗೆ ಎಂಬತ್ತಾಯಿತು," ಎಂದು ಮುದುಕ ಗೋಡೆಯ ಕಡೆ ತಿರುಗಿ, ನೆಟ್ಟಗೇ ಇದ್ದ ಒಂದು ಸ್ಪ್ಯಾನರನ್ನು ನೆಟ್ಟಗೆ ಮಾಡಿದ.

ಅವಳು ಮಾತು ಕೊಡಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ.

ಮನೆಗೆ ಬಂದಾಗ ಶೇಷಾದ್ರಿ ಆಗಲೇ ಬಂದಿದ್ದ. ಸೋಫಾದ ಮೇಲೆ ಕಾಲು ಚಾಚಿ ಲ್ಯಾಪ್‌ಟಾಪಿನಲ್ಲಿ ಷೇರು ಬೆಲೆಯ ಏರಿಳಿತದ ಗೆರೆ ನೋಡುತ್ತಿದ್ದ. ಮಗಳು ಹರಿಪ್ರಿಯಾ ಒಳಗಿನಿಂದಲೇ "ಅಮ್ಮಾ, ಸಮ್‌ಬಡಿ ಕಾಲ್ಡ್ ಟ್ವೈಸ್. ದ ಸರಟೋಗಾ ಲೇಡಿ," ಅಂದಳು.

ಹೇಳಿ ಮುಗಿಸುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು.

"ವಾಲ್ಟರ್ ಫೋನು ಮಾಡಿದ್ದ," ಅಂದಳು ಡೊರೊತಿ. ದನಿಯಲ್ಲಿ ನಡುಕವಿರಲಿಲ್ಲ. ಅದರಿಂದಲೇ ವೇದವತಿಗೆ ಭಯವಾಯಿತು. "ಎಲ್ಲ ಹೇಳಿದ. ಜೆರೋಮ್ ಬೇಡ ಅಂದನಂತೆ. ಇವನು ಮುಚ್ಚಿಸಿದನಂತೆ. ನೀನು ಕಂಡುಹಿಡಿದೆಯಂತೆ."

ವೇದವತಿ ಗೋಡೆಗೆ ಒರಗಿದಳು. ಅವಳ ರೈಲು ಫ್ರೀಮಾಂಟು ತಲುಪುವಷ್ಟರಲ್ಲಿ ಮುದುಕ ಕೆಲಸ ಮುಗಿಸಿದ್ದ.

"ವೆಡಾ, ನಮ್ಮಮ್ಮ ಓಕ್‌ಲೆಂಡಿನ ಹಳೇ ಮನೆಯನ್ನು ಸಾಯುವ ತನಕ ಬಿಡಲಿಲ್ಲ. ಕಾಣೆಯಾಗಿದ್ದಾನೆ ಅಂತ ತಾನೇ ಸೈನ್ಯದವರು ಬರೆದಿದ್ದು? ಬಂದರೆ ಮನೆ ಗೊತ್ತಾಗಬೇಕಲ್ಲ ಅನ್ನುತ್ತಿದ್ದಳು. ಆಕಾಶದಲ್ಲಿ ಸದ್ದಾದರೆ ಕೈಯಲ್ಲಿದ್ದ ಪಾತ್ರೆ ಹಿಡಿದೇ ಬಾಗಿಲಿಗೆ ಬರುತ್ತಿದ್ದಳು. ವಾಲ್ಟರ್ ಅದನ್ನೆಲ್ಲ ನೋಡಿದ್ದಾನೆ. ಪ್ರತಿ ಥ್ಯಾಂಕ್ಸ್‌ಗಿವಿಂಗಿಗೂ ನಮ್ಮ ಮೇಜಿನಲ್ಲೇ ಊಟ. ಟಾಮ್ ಹೇಗೆ ನಗುತ್ತಿದ್ದ ಅಂತ ಮಾತಾಡುವುದಕ್ಕೆ ಈ ಭೂಮಿ ಮೇಲೆ ನನಗೆ ಉಳಿದಿದ್ದವನು ಅವನೊಬ್ಬ."

"ಡೊರೊತಿ, ಅವರು ತುಂಬ—"

"ಇನ್ನು ನನ್ನ ಬಾಗಿಲಿಗೆ ಬರಬೇಡ ಅಂದೆ. ಆಯಿತು ಅಂದ." ಡೊರೊತಿ ಒಂದು ಕ್ಷಣ ನಿಲ್ಲಿಸಿದಳು. "ಕಲ್ಲಿನವನಿಗೂ ಹೇಳಿಬಿಟ್ಟೆ. ಸಾಲು ಹಾಗೇ ಇರಲಿ, ಕೆಳಗಿನ ಹೆಸರು ಮಾತ್ರ ಬೇರೆ. ಪೂರ್ತಿ ಹೆಸರಿಗಾಗಿ ಇನ್ನು ನೀನು ಒದ್ದಾಡಬೇಕಾಗಿಲ್ಲ. ಅದು ನನಗೇ ಗೊತ್ತಿದೆ."

"ಯಾವಾಗ ಕೆತ್ತುತ್ತಾರೆ?"

"ಸೋಮವಾರ ಬೆಳಿಗ್ಗೆ. ಭಾನುವಾರ ಊಟಕ್ಕೆ ಬಾ. ಆ ಟೇಪು ತೆಗೆದುಕೊಂಡು ಬಾ. ಅವನ ಬಾಯಿಂದಲೇ ಇನ್ನೊಂದು ಸಲ ಕೇಳಬೇಕು ನನಗೆ."

"ಬರ್ತೀನಿ," ಅಂದಳು ವೇದವತಿ.

ಫೋನಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದಳು. ಜಯರಾಮ ಎಂಬವನು ಬದುಕಿದ್ದರೆ ಎಲ್ಲಿದ್ದಾನೋ, ಅವನ ಹೆಸರಂತೂ ಉಳಿದಿತ್ತು. ಟಾಮ್ ಹಾಗೇ ಇದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮಾಡದ ತಪ್ಪಿಗೆ ಕಲ್ಲು ಹತ್ತಲಿದ್ದ ಒಬ್ಬನನ್ನು ಇಳಿಸಿ, ಅದೇ ತಪ್ಪು ಮಾಡದ ಇನ್ನೊಬ್ಬನನ್ನು ಆ ಜಾಗಕ್ಕೆ ಏರಿಸುವುದು ಸೋಮವಾರ ಬೆಳಿಗ್ಗೆ ಮುಗಿದು ಹೋಗುತ್ತಿತ್ತು. ಬಾಯಿ ಬಿಟ್ಟರೆ ಡೊರೊತಿಗೆ ಅಣ್ಣ ಇನ್ನೊಂದು ಸಲ ಸಾಯುತ್ತಿದ್ದ, ಈ ಸಲ ಒಂಬತ್ತು ಜನರ ಸಾವನ್ನು ಹೊತ್ತುಕೊಂಡು.

ಆದರೆ ಅದನ್ನು ಹೇಳಬೇಕಾದವಳು ತಾನಲ್ಲ. ಆ ಷೆಡ್ಡಿನಲ್ಲಿ ನಿಂತಿದ್ದವರಲ್ಲಿ ಈ ಊರಿನಲ್ಲಿ ಉಳಿದಿರುವವನು ಒಬ್ಬನೇ. ಟಾಮ್ ಕೂಗಾಡಲಿಲ್ಲ, ದಯವಿಟ್ಟು ಅಂದ ಎಂಬುದನ್ನು ಕಣ್ಣಾರೆ ಕಂಡವನು ಅವನೊಬ್ಬನೇ.

ಹೊರಗೆ ಬಂದಳು.

"ಭಾನುವಾರ ಕಾರು ನಂಗೆ ಬೇಕು."

ಶೇಷಾದ್ರಿ ತಲೆಯೆತ್ತಿದ. "ನೀನು? ಫ್ರೀವೇನಲ್ಲಿ? ರೈಟ್ ಲೇನಲ್ಲಿ ನಲವತ್ತರಲ್ಲಿ ಹೋಗೋಳು, ಹಿಂದಿನವರೆಲ್ಲ ಹಾರ್ನ್ ಮಾಡಿ ಮಾಡಿ ಸಾಯ್ತಾರೆ. ನಾನೇ ಡ್ರಾಪ್ ಮಾಡ್ತೀನಿ ಬಿಡು."

"ಬೇಡ. ನಾನೇ ಹೋಗ್ತೀನಿ."

ಅವಳ ದನಿಯಲ್ಲಿ ಏನೋ ಕೇಳಿಸಿರಬೇಕು. ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದ.

"ಎಲ್ಲಿಗೆ, ಸರಟೋಗಾಗೇ ತಾನೆ?"

"ಹೂಂ. ಊಟಕ್ಕೆ ಕರೆದಿದಾರೆ."

ಸರಟೋಗಾಕ್ಕೆ ಹೋಗುವ ದಾರಿ ದಕ್ಷಿಣಕ್ಕೆ. ಅವಳು ಬೆಳಿಗ್ಗೆ ಬೇಗ ಹೊರಟು ಮೊದಲು ಉತ್ತರಕ್ಕೆ ಹೋಗುತ್ತಾಳೆ, ಸ್ಯಾನ್ ಲಿಯಾಂಡ್ರೋದ ಆ ಗರಾಜಿನ ಮುಂದೆ ಕಾರು ನಿಲ್ಲಿಸುತ್ತಾಳೆ. ಸಿಲಿಂಡರನ್ನು ಹಿಂದಿನ ಸೀಟಿನಲ್ಲಿಡಬೇಕು, ಮುದುಕನನ್ನು ಮುಂದೆ ಕೂರಿಸಿಕೊಂಡು ಡೊರೊತಿಯ ಬಾಗಿಲಿಗೆ ಹೋಗಬೇಕು. ಎಲ್ಲಿಗೆ ಎಂದು ಕೇಳಿದರೆ ಏನು ಹೇಳುವುದೆಂದು ಅವಳಿಗಿನ್ನೂ ಗೊತ್ತಿರಲಿಲ್ಲ.

ಇದನ್ನು ಅವಳು ಗಂಡನಿಗೆ ಹೇಳಲಿಲ್ಲ. ವಾಲ್ಟರನಿಗೆ ಫೋನು ಮಾಡಲಿಲ್ಲ. ಹರಿಪ್ರಿಯಳನ್ನು ಊಟಕ್ಕೆ ಕೂಗಿ ತಟ್ಟೆಗಳನ್ನು ಮೇಜಿನ ಮೇಲೆ ಜೋಡಿಸತೊಡಗಿದಳು.